ಗೊತ್ತಿರುವ ಕಥೆಯ ರುಚಿ

ಭಾನುವಾರ ಮಧ್ಯಾಹ್ನದ ಊಟ ಮುಗಿದ ಹೊತ್ತು. ಒಂದು ವಾಹಿನಿಯಿಂದ ಇನ್ನೊಂದಕ್ಕೆ ಹಾರುತ್ತಿದ್ದ ಟೀವಿ ರಿಮೋಟಿನ ಮೇಲಿನ ಬೆರಳು ‘ಕಸ್ತೂರಿ ನಿವಾಸ’ ಕಂಡ ಕೂಡಲೇ ನಿಂತುಬಿಡುತ್ತದೆ. ಚಿತ್ರ ಆಗಲೇ ಅರ್ಧ ಮುಗಿದಿದೆ. ಕೊನೆಗೆ ಏನಾಗುತ್ತದೆ ಎಂಬುದು ಮನೆಯ ಅಜ್ಜಿಯಿಂದ ಹಿಡಿದು ಹೈಸ್ಕೂಲಿಗೆ ಹೋಗುವ ಮೊಮ್ಮಗನವರೆಗೆ ಎಲ್ಲರಿಗೂ ಗೊತ್ತು. ಆದರೂ ‘ಐದೇ ನಿಮಿಷ ನೋಡೋಣ’ ಎಂದು ಕೂತವರು ಚಿತ್ರ ಮುಗಿಯುವವರೆಗೆ ಏಳುವುದಿಲ್ಲ. ಎದ್ದಾಗ ಒಬ್ಬಿಬ್ಬರ ಕಣ್ಣಾದರೂ ಒದ್ದೆಯಾಗಿರುತ್ತದೆ.

ಇದು ಕನ್ನಡದ ಸಾವಿರಾರು ಮನೆಗಳ ಅನುಭವ. ‘ಬಂಗಾರದ ಮನುಷ್ಯ’, ‘ನಾಗರಹಾವು’, ‘ಸತ್ಯ ಹರಿಶ್ಚಂದ್ರ’, ‘ಸಂಪತ್ತಿಗೆ ಸವಾಲ್’, ‘ಬಭ್ರುವಾಹನ’, ‘ಗಣೇಶನ ಮದುವೆ’ – ಹೀಗೆ ಪ್ರತಿ ಮನೆಗೂ ತನ್ನದೇ ಆದ ಒಂದು ಪಟ್ಟಿ ಇರುತ್ತದೆ. ಟೀವಿಯಲ್ಲಿ ಎಷ್ಟು ಸಲ ಬಂದರೂ ಈ ಚಿತ್ರಗಳು ಹಳಸುವುದಿಲ್ಲ. ಅದೇ ಹೊತ್ತಿಗೆ, ಹೋದ ವರ್ಷ ನೂಕುನುಗ್ಗಲಿನಲ್ಲಿ ಟಿಕೆಟ್ ಪಡೆದು ನೋಡಿದ ಎಷ್ಟೋ ಚಿತ್ರಗಳನ್ನು ಇನ್ನೊಮ್ಮೆ ನೋಡಲು ಮನಸ್ಸು ಒಪ್ಪುವುದಿಲ್ಲ. ಹಾಗಾದರೆ ಮರಳಿ ಮರಳಿ ನೋಡಿಸಿಕೊಳ್ಳುವ ಶಕ್ತಿ ಒಂದು ಚಿತ್ರಕ್ಕೆ ಎಲ್ಲಿಂದ ಬರುತ್ತದೆ? ಬರಿಯ ಹಳೆಯ ನೆನಪಿನ ಮೋಹ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಹಳೆಯದೆಲ್ಲ ಹೀಗೆ ಉಳಿದಿಲ್ಲ. ಉಳಿದಿರುವುದು ಕೆಲವು ಮಾತ್ರ.

ಮುಂದೇನು, ಹೇಗೆ

ಕಥೆಯೊಂದನ್ನು ಕೇಳುವಾಗ ನಮ್ಮಲ್ಲಿ ಎರಡು ಬಗೆಯ ಕುತೂಹಲ ಇರುತ್ತದೆ. ಒಂದು, ‘ಮುಂದೇನಾಯಿತು?’ ಎಂಬುದು. ಇನ್ನೊಂದು, ‘ಅದು ಹೇಗಾಯಿತು?’ ಎಂಬುದು. ಮೊದಲನೆಯದು ಒಂದೇ ಸಲಕ್ಕೆ ತೀರುತ್ತದೆ. ಕೊಲೆಗಾರ ಯಾರೆಂದು ತಿಳಿದ ಮೇಲೆ ಸಾಮಾನ್ಯ ಪತ್ತೇದಾರಿ ಚಿತ್ರದಲ್ಲಿ ನೋಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಎರಡನೆಯ ಕುತೂಹಲ ಹಾಗಲ್ಲ. ಅದು ನೋಡಿದಷ್ಟೂ ಬೆಳೆಯುವಂಥದು.

ಈ ಎರಡನೆಯ ಕುತೂಹಲದಲ್ಲಿ ನಮ್ಮ ಜನ ಶತಮಾನಗಳಿಂದ ಪಳಗಿದವರು. ಹರಿಶ್ಚಂದ್ರನ ಕಥೆಯನ್ನೇ ನೋಡಿ. ರಾಘವಾಂಕ ಅದನ್ನು ಕನ್ನಡದಲ್ಲಿ ಕಾವ್ಯವಾಗಿಸಿ ಏಳು ಶತಮಾನಗಳಿಗೂ ಹೆಚ್ಚು ಕಾಲವಾಯಿತು. ಅಂದಿನಿಂದ ಗಮಕಿಗಳು ಅದನ್ನು ವಾಚಿಸಿದ್ದಾರೆ, ಹರಿದಾಸರು ಕಥೆ ಮಾಡಿದ್ದಾರೆ, ನಾಟಕದ ಕಂಪನಿಗಳು ಆಡಿವೆ. ಹರಿಶ್ಚಂದ್ರ ಸುಡುಗಾಡು ಕಾಯುತ್ತಾನೆ, ಸತ್ತ ಮಗನನ್ನು ಎತ್ತಿಕೊಂಡು ಚಂದ್ರಮತಿ ಅಲ್ಲಿಗೇ ಬರುತ್ತಾಳೆ ಎಂಬುದು ಕೇಳುಗರಿಗೆಲ್ಲ ಗೊತ್ತಿದ್ದ ಸಂಗತಿ. ‘ಈ ಕಥೆ ನಮಗೆ ಗೊತ್ತು’ ಎಂದು ಯಾರೂ ಎದ್ದು ಹೋಗಲಿಲ್ಲ. ಗೊತ್ತಿದ್ದುದರಿಂದಲೇ ಬಂದು ಕೂತರು. ಈ ಸಲ ಹೇಳುವವನು ಆ ಘಟ್ಟವನ್ನು ಹೇಗೆ ದಾಟಿಸುತ್ತಾನೆ ಎಂಬುದೇ ಅವರ ಆಸಕ್ತಿ.

ಕರಾವಳಿ, ಮಲೆನಾಡುಗಳ ತಾಳಮದ್ದಳೆಯಲ್ಲಿ ಈ ಗುಣ ಇನ್ನೂ ಸ್ಪಷ್ಟ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಅರ್ಥಧಾರಿಗಳ ಮಾತು ಇಷ್ಟೇ. ಪ್ರಸಂಗ ಎಲ್ಲರಿಗೂ ಕಂಠಪಾಠ. ಕೃಷ್ಣನ ಸಂಧಾನ ಮುರಿಯುತ್ತದೆ ಎಂದು ತಿಳಿದಿದ್ದೂ ಇಡೀ ರಾತ್ರಿ ನಿದ್ದೆಗೆಟ್ಟು ಕೇಳುವ ಜನರಿಗೆ ಬೇಕಾದದ್ದು ಫಲಿತಾಂಶವಲ್ಲ, ಕೃಷ್ಣನಿಗೂ ಕೌರವನಿಗೂ ನಡೆಯುವ ಮಾತಿನ ಸೊಗಸು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಊರಿನವರೇ ಬಣ್ಣ ಹಚ್ಚಿ ಆಡುವ ‘ಕುರುಕ್ಷೇತ್ರ’ ನಾಟಕದ ಮಾತೂ ಅಷ್ಟೆ. ನಮ್ಮ ಅಲಂಕಾರಶಾಸ್ತ್ರ ರಸ ಎಂದು ಕರೆದದ್ದು ಕಥೆಯ ತಿರುವನ್ನಲ್ಲ, ಆ ತಿರುವಿನಲ್ಲಿ ಒಸರುವ ಅನುಭವವನ್ನು.

ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (1965) ಮತ್ತು ‘ಬಭ್ರುವಾಹನ’ (1977) ಈ ಪರಂಪರೆಯ ನೇರ ವಾರಸುದಾರರು. ‘ಬಭ್ರುವಾಹನ’ದಲ್ಲಿ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ತಂದೆ ಮಗನನ್ನು ಜರೆಯುವ, ಮಗ ತಿರುಗಿ ಬೀಳುವ ದೃಶ್ಯ ತಾಳಮದ್ದಳೆಯ ವಾದ ಪ್ರತಿವಾದದ ಗತ್ತಿನಲ್ಲೇ ಸಾಗುತ್ತದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಕೇಳಿ ಬೆಳೆದವರಿಗೆ ಅದರಲ್ಲಿ ಹೊಸ ಕಥೆ ಏನೂ ಇರಲಿಲ್ಲ. ಚಿತ್ರ ಗೆದ್ದದ್ದು ಆ ಗತ್ತಿನಿಂದ. ಇಂದು ಟೀವಿಯಲ್ಲಿ ಬಂದಾಗಲೂ ಜನ ಕಾಯುವುದು ಅದೇ ದೃಶ್ಯಕ್ಕಾಗಿ.

ತಿಳಿದ ಮೇಲೆ ಹೆಚ್ಚುವ ನೋವು

ಪುರಾಣದ ಕಥೆಗೆ ಈ ಮಾತು ಒಪ್ಪುತ್ತದೆ, ಸಾಮಾಜಿಕ ಚಿತ್ರಕ್ಕೆ ಹೇಗೆ ಎಂದು ಕೇಳಬಹುದು. ದೊರೈ-ಭಗವಾನ್ ಜೋಡಿ 1971ರಲ್ಲಿ ನಿರ್ದೇಶಿಸಿದ ‘ಕಸ್ತೂರಿ ನಿವಾಸ’ವನ್ನೇ ತೆಗೆದುಕೊಳ್ಳೋಣ. ನಾಯಕ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ. ಕೊಟ್ಟು ಗೊತ್ತೇ ಹೊರತು ಬೇಡಿ ಗೊತ್ತಿಲ್ಲದ ಮನುಷ್ಯ. ಅವನ ಕೈಕೆಳಗೆ ಬೆಳೆದವನೇ ವ್ಯಾಪಾರದಲ್ಲಿ ಅವನನ್ನು ಮೀರಿಸುತ್ತಾನೆ, ಆಸ್ತಿ ಕರಗುತ್ತದೆ. ಕೊನೆಗೆ ಮನೆಗೆ ಬಂದವಳಿಗೆ ಒಂದು ಹೊತ್ತಿನ ಊಟ ಹಾಕುವ ಸಲುವಾಗಿ ಪ್ರೀತಿಯ ಪಾರಿವಾಳವನ್ನೇ ಮಾರಬೇಕಾಗುತ್ತದೆ. ಊಟವಾದ ಮೇಲೆ ತಿಳಿಯುತ್ತದೆ, ಆಕೆ ಬಂದದ್ದೇ ಕಾಯಿಲೆಯ ಮಗುವಿಗಾಗಿ ಆ ಪಾರಿವಾಳವನ್ನು ಕೇಳಲು.

ಇಟಲಿಯ ಬೊಕಾಚಿಯೊ ಹದಿನಾಲ್ಕನೆಯ ಶತಮಾನದಲ್ಲಿ ಬರೆದ ‘ಡೆಕಮೆರಾನ್’ ಸಂಗ್ರಹದಲ್ಲಿ ಇದನ್ನು ಹೋಲುವ ಒಂದು ಕಥೆಯಿದೆ. ಪ್ರೀತಿಸಿದವಳಿಗಾಗಿ ಎಲ್ಲವನ್ನೂ ಕಳೆದುಕೊಂಡ ಸರದಾರನ ಬಳಿ ಉಳಿದಿರುವುದು ಒಂದೇ ಗಿಡುಗ. ಆಕೆ ಮನೆಗೆ ಬಂದಾಗ ಬಡಿಸಲು ಬೇರೇನೂ ಇಲ್ಲದೆ ಅದನ್ನೇ ಕೊಂದು ಅಡಿಗೆ ಮಾಡಿಸುತ್ತಾನೆ. ಆಕೆ ಬಂದದ್ದು ಹಾಸಿಗೆ ಹಿಡಿದ ಮಗನಿಗಾಗಿ ಆ ಗಿಡುಗವನ್ನು ಕೇಳಲು. ಆರು ಶತಮಾನ ಕಳೆದರೂ, ದೇಶ ಭಾಷೆ ಬೇರೆಯಾದರೂ ಈ ಕಥೆಯ ಬಿಗಿ ಸಡಿಲವಾಗಿಲ್ಲ. ಅದರ ಬಲ ಇರುವುದು ಅನಿರೀಕ್ಷಿತ ತಿರುವಿನಲ್ಲಿ ಮಾತ್ರವಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ಮೊದಲ ಸಲ ನೋಡುವವನಿಗೆ ಪಾರಿವಾಳ ಒಂದು ಪಕ್ಷಿ ಅಷ್ಟೆ. ಎರಡನೆಯ ಸಲ ನೋಡುವವನಿಗೆ ಅದು ತೆರೆಯ ಮೇಲೆ ಬಂದ ಗಳಿಗೆಯಿಂದಲೇ ಎದೆ ಭಾರವಾಗುತ್ತದೆ. ನಾಯಕ ನಗುತ್ತಾ ಕೊಡುವ ಒಂದೊಂದು ದಾನದ ಹಿಂದೆಯೂ ಕೊನೆಯ ದಿನದ ಬರಿಗೈ ಕಾಣಿಸತೊಡಗುತ್ತದೆ. ಎಷ್ಟು ಬೀಳಿಸಿದರೂ ನೆಟ್ಟಗೆ ಎದ್ದು ನಿಲ್ಲುವ ಗೊಂಬೆಯ ಹಾಡು ಈ ಚಿತ್ರದಲ್ಲಿ ಸುಖದ ಹೊತ್ತಿಗೊಮ್ಮೆ, ದುಃಖದ ಹೊತ್ತಿಗೊಮ್ಮೆ ಬರುತ್ತದೆ. ಹೊಸಬರಿಗೆ ಮೊದಲನೆಯದು ಬರಿಯ ಸಂತೋಷದ ಹಾಡು. ಗೊತ್ತಿದ್ದವರಿಗೆ ಮೊದಲನೆಯದರಲ್ಲೇ ಎರಡನೆಯದೂ ಕೇಳಿಸುತ್ತದೆ. ಅಂತ್ಯ ತಿಳಿದಿರುವುದರಿಂದ ಚಿತ್ರದ ಸ್ವಾರಸ್ಯ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು.

ನಗೆಯ ಚಿತ್ರಕ್ಕೂ ಇದೇ ನಿಯಮ. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990) ಒಂದು ವಠಾರದ ಕಥೆ. ನಾಯಕ ಕಣ್ಣಾರೆ ಕಾಣದೆ ಪ್ರೀತಿಸುವ ಗಾಯಕಿ ಬೇರೆ ಯಾರೂ ಅಲ್ಲ, ದಿನ ಬೆಳಗಾದರೆ ಅವನೊಡನೆ ಜಗಳಕ್ಕೆ ನಿಲ್ಲುವ ಅದೇ ವಠಾರದ ಹುಡುಗಿ. ಅನಂತನಾಗ್, ವಿನಯಾ ಪ್ರಸಾದ್ ಪರಸ್ಪರ ಹಂಗಿಸುವ ಪ್ರತಿ ಮಾತಿಗೂ ನಮಗೆ ನಗು ಬರುವುದು ಅವರಿಗೆ ಗೊತ್ತಿಲ್ಲದ ಗುಟ್ಟು ನಮಗೆ ಗೊತ್ತಿರುವುದರಿಂದ. ಗುಟ್ಟು ಹಳೆಯದಾದಷ್ಟೂ ನಗು ಸಲೀಸಾಗುತ್ತದೆ. ಜೊತೆಗೆ ಇನ್ನೊಂದು ಲಾಭವಿದೆ. ಒಂದೇ ಅಂಗಳ, ಹಂಚಿಕೊಂಡ ನಲ್ಲಿ, ಬಾಡಿಗೆಗಾಗಿ ಬಾಗಿಲು ತಟ್ಟುವ ಮಾಲೀಕ – ಬೆಂಗಳೂರಿನ ಬಡಾವಣೆಗಳಿಂದ ಬಹುಪಾಲು ಮರೆಯಾಗಿರುವ ವಠಾರದ ಬದುಕನ್ನು ಇಂದಿನ ಮಕ್ಕಳು ಕಾಣಬೇಕಾದರೆ ಇಂಥ ಚಿತ್ರವೇ ಗತಿ.

ಗುಟ್ಟನ್ನೇ ನೆಚ್ಚಿಕೊಂಡ ಚಿತ್ರವೂ ಕೆಲವೊಮ್ಮೆ ಈ ಪರೀಕ್ಷೆಯಲ್ಲಿ ಗೆಲ್ಲುವುದುಂಟು. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ ಅನ್ನು ಆಧರಿಸಿದ ‘ಆಪ್ತಮಿತ್ರ’ (2004) ಅದಕ್ಕೆ ಉದಾಹರಣೆ. ಅರಮನೆಯಲ್ಲಿ ನಡೆಯುವ ಅವಘಡಗಳ ಹಿಂದೆ ಯಾರಿದ್ದಾರೆ ಎಂದು ಒಮ್ಮೆ ತಿಳಿದ ಮೇಲೆ, ಎರಡನೆಯ ಸಲ ನಮ್ಮ ಕಣ್ಣು ಸೌಂದರ್ಯ ಅವರ ಮುಖದಿಂದ ಕದಲುವುದಿಲ್ಲ. ಎಲ್ಲಿ ನೋಟ ಬದಲಾಯಿತು, ಎಲ್ಲಿ ದನಿ ಗಡುಸಾಯಿತು ಎಂದು ಹುಡುಕುತ್ತೇವೆ. ಆ ನಟಿ 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ತೆರೆಕಂಡದ್ದು ಅದಾದ ಕೆಲವು ತಿಂಗಳ ಮೇಲೆ. ಈ ಸಂಗತಿಯೂ ಪ್ರತಿ ಮರುನೋಟದಲ್ಲಿ ನೋಡುವವರ ಜೊತೆ ಕೂತಿರುತ್ತದೆ.

ಚಿತ್ರ ಅದೇ, ನೋಡುವವನು ಬೇರೆ

ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದ ಚಿತ್ರ. ಚಿತ್ರದುರ್ಗದ ಕೋಟೆ, ಸಿಡುಕಿನ ಹುಡುಗ ರಾಮಾಚಾರಿ, ಅವನನ್ನು ಮಗನಂತೆ ಪ್ರೀತಿಸುವ ಚಾಮಯ್ಯ ಮೇಷ್ಟ್ರು. ಕಾಲೇಜಿನ ವಯಸ್ಸಿನಲ್ಲಿ ಈ ಚಿತ್ರ ನೋಡಿದವರೆಲ್ಲ ರಾಮಾಚಾರಿಯ ಕಡೆ. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಅವನ ಮನಸ್ಸು ತಿರುಗಿಸುವ ಮೇಷ್ಟ್ರ ಮೇಲೆ ಅವರಿಗೆ ಸಿಟ್ಟು. ಅದೇ ಪ್ರೇಕ್ಷಕ ನಲವತ್ತು ದಾಟಿ, ಮನೆಯಲ್ಲಿ ಬೆಳೆದ ಮಕ್ಕಳಿರುವಾಗ ಟೀವಿಯಲ್ಲಿ ಅದನ್ನು ನೋಡಿದರೆ ಅಶ್ವತ್ಥ್ ಅವರ ಮುಖದ ಮೇಲಿನ ದಿಗಿಲು ಕಣ್ಣಿಗೆ ಬೀಳುತ್ತದೆ. ಒಳ್ಳೆಯದನ್ನೇ ಬಯಸುತ್ತಿದ್ದೇನೆ ಎಂದು ನಂಬಿದ ಹಿರಿಯನೊಬ್ಬ ಕಿರಿಯನ ಬಾಳನ್ನು ಹೇಗೆ ಕೆಡಿಸಬಲ್ಲ ಎಂಬುದು ತನ್ನ ಮನೆಯ ಪ್ರಶ್ನೆಯಾಗಿ ಕಾಡುತ್ತದೆ. ಇನ್ನೂ ಹತ್ತು ವರ್ಷ ಬಿಟ್ಟು ನೋಡಿದರೆ ಇಬ್ಬರಿಗಿಂತ ಹೆಚ್ಚಾಗಿ ಮನಸ್ಸನ್ನು ಹಿಂಡುವವಳು ಅಲಮೇಲು. ಗಂಡಸರಿಬ್ಬರ ನಡುವಿನ ಮಾತಿಗೆ ಬೆಲೆ ತೆತ್ತವಳು ಅವಳು. ಅವಳನ್ನು ಯಾರೂ ಒಂದು ಮಾತೂ ಕೇಳಲಿಲ್ಲ ಎಂಬುದು ಆಗ ಹೊಳೆಯುತ್ತದೆ.

ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ (1972) ಸಹ ಹೀಗೆಯೇ. ಬಂಡೆಗಲ್ಲಿನ ನೆಲವನ್ನು ಹಸಿರು ಮಾಡುವ ರಾಜೀವನನ್ನು ಕಂಡು ಹುರುಪಿನಿಂದ ಹಳ್ಳಿಗೆ ಮರಳಿದವರ ಮಾತು ಇಂದಿಗೂ ಕೇಳಿಬರುತ್ತದೆ. ಆದರೆ ಅಕ್ಕನ ಮಕ್ಕಳನ್ನು ದಡ ಸೇರಿಸಿದ ಆ ಮನುಷ್ಯ, ಅವರಲ್ಲೊಬ್ಬನ ಚುಚ್ಚುಮಾತು ಕೇಳಿ ಊಟದ ಎಲೆಯ ಮುಂದಿನಿಂದ ಎದ್ದು ಹೋಗುತ್ತಾನಲ್ಲ, ಆ ದೃಶ್ಯದ ಅರ್ಥ ಆಗಬೇಕಾದರೆ ನೋಡುವವನೂ ಬದುಕಿನಲ್ಲಿ ಒಂದಷ್ಟು ದೂರ ನಡೆದಿರಬೇಕು. ಒಳ್ಳೆಯ ಚಿತ್ರ ಮನೆಯ ಗೋಡೆಯ ಮೇಲೆ ಮಕ್ಕಳ ಎತ್ತರ ಗುರುತು ಹಾಕಿದ ಗೆರೆಯ ಹಾಗೆ. ಗೆರೆ ಇದ್ದಲ್ಲೇ ಇರುತ್ತದೆ. ಅದರ ಪಕ್ಕ ನಿಂತಾಗ ನಾವೆಷ್ಟು ಬೆಳೆದಿದ್ದೇವೆ ಎಂಬುದು ತಿಳಿಯುತ್ತದೆ.

ಪೆಟ್ಟಿಗೆಯ ಕೊಡುಗೆ

ಚಿತ್ರಮಂದಿರದಲ್ಲಿ ಸಿನಿಮಾ ನೋಡುವುದಕ್ಕೂ ಮನೆಯಲ್ಲಿ ನೋಡುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಆಗ ಕನ್ನಡ ಚಿತ್ರಕ್ಕಾಗಿ ಜನ ವಾರವಿಡೀ ಕಾಯುತ್ತಿದ್ದರು. ಟೀವಿ ಇದ್ದ ಮನೆಯ ನಡುಮನೆ ಅಕ್ಕಪಕ್ಕದವರಿಂದ ತುಂಬಿಹೋಗುತ್ತಿತ್ತು. 1994ರಲ್ಲಿ ಉದಯ ಟೀವಿ ಬಂದ ಮೇಲೆ, ಆಮೇಲೆ ಬೇರೆ ವಾಹಿನಿಗಳೂ ಸೇರಿಕೊಂಡ ಮೇಲೆ ಚಿತ್ರಗಳು ದಿನನಿತ್ಯದ ಸಂಗತಿಯಾದವು. ಚಿತ್ರವನ್ನು ಮೊದಲಿನಿಂದ ನೋಡಬೇಕೆಂಬ ಕಟ್ಟುಪಾಡು ಹೋಯಿತು. ನಡುವೆ ಬಂದು ಕೂರಬಹುದು, ನಡುವೆಯೇ ಎದ್ದು ಒಲೆಯ ಮೇಲಿನ ಹಾಲು ನೋಡಿ ಬರಬಹುದು.

ಇಂಥ ನೋಟಕ್ಕೆ ನಮ್ಮ ಹಳೆಯ ಚಿತ್ರಗಳು ಚೆನ್ನಾಗಿ ಹೊಂದಿಕೊಂಡದ್ದಕ್ಕೆ ಕಾರಣವಿದೆ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಮೂವರೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದವರು. ‘ಸಂಪತ್ತಿಗೆ ಸವಾಲ್’ (1974) ಧುತ್ತರಗಿಯವರ ನಾಟಕದಿಂದ ಬಂದದ್ದು. ಕಂಪನಿ ನಾಟಕದಲ್ಲಿ ಒಂದೊಂದು ದೃಶ್ಯವೂ ತಾನೇ ಒಂದು ಪುಟ್ಟ ನಾಟಕ. ಕೊನೆಯ ಸಾಲಿನಲ್ಲಿ ಕೂತವನಿಗೂ ಪ್ರತಿ ಅಕ್ಷರ ಕೇಳಬೇಕು. ಆ ಅಭ್ಯಾಸವೇ ಚಿತ್ರಕ್ಕೂ ಬಂತು. ಆದ್ದರಿಂದ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವರೂ ಕಿವಿಯಿಂದಲೇ ಇಡೀ ಚಿತ್ರ ‘ನೋಡ’ಬಲ್ಲರು. ‘ನಾಗರಹಾವು’ ಚಿತ್ರದ ನಡುವೆ ಜಯಂತಿ ಒನಕೆ ಓಬವ್ವನಾಗಿ ಬರುವ ಭಾಗ ಮುಖ್ಯ ಕಥೆಯ ಹೊರಗಿನದು. ಅದೊಂದನ್ನೇ ನೋಡಿ ಎದ್ದು ಹೋದರೂ ಹೊಟ್ಟೆ ತುಂಬುತ್ತದೆ.

ಆದರೆ ಟೀವಿ ಕೊಟ್ಟಷ್ಟೇ ಕಿತ್ತುಕೊಂಡದ್ದೂ ಉಂಟು. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳ ವೇಗದಲ್ಲಿ. ನಮ್ಮ ದೇಶದ ಹಳೆಯ ಟೀವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಚಿತ್ರವನ್ನು ಟೀವಿಗೆ ಇಳಿಸುವಾಗ ಸಾಮಾನ್ಯವಾಗಿ ಅದನ್ನು 25ರ ವೇಗದಲ್ಲೇ ಓಡಿಸಿಬಿಡುತ್ತಿದ್ದರು. ಹೀಗಾಗಿ 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ, ಹಾಡಿನ ಶ್ರುತಿಯೂ ಕೊಂಚ ಏರುತ್ತದೆ. ಚಿತ್ರಮಂದಿರದ ಅಗಲ ತೆರೆಗಾಗಿ ತೆಗೆದ ಸಿನಿಮಾಸ್ಕೋಪ್ ಚಿತ್ರವನ್ನು ಹೆಚ್ಚುಕಡಿಮೆ ಚೌಕವಾಗಿದ್ದ ಆ ಕಾಲದ ಟೀವಿಗೆ ಹೊಂದಿಸುವಾಗ ಎರಡು ಬದಿಯನ್ನೂ ಕತ್ತರಿಸುತ್ತಿದ್ದರು. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು ಮಾತ್ರ ಕಂಡದ್ದು ಹಲವರಿಗೆ ನೆನಪಿರಬಹುದು. ಜಾಹೀರಾತಿಗೆ ಜಾಗ ಮಾಡಲು ಹಾಡು, ದೃಶ್ಯಗಳಿಗೆ ಕತ್ತರಿ ಬಿದ್ದದ್ದು ಬೇರೆ. 1970ರ ದಶಕದ ಎಷ್ಟೋ ವರ್ಣಚಿತ್ರಗಳು ಟೀವಿಯಲ್ಲಿ ನಸುಗೆಂಪಾಗಿ ಕಾಣುತ್ತಿದ್ದುದಕ್ಕೆ ಮುಖ್ಯ ಕಾರಣ ಆ ಕಾಲದ ಫಿಲ್ಮಿನ ಬಣ್ಣ. ಅದರಲ್ಲಿನ ನೀಲಿ ಹಸಿರಿನ ಅಂಶ ಬೇಗ ಮಾಸಿ ಕೆಂಪು ಮಾತ್ರ ಉಳಿಯುತ್ತದೆ.

ಮರಳಿ ಕಾಣದ ಚಿತ್ರಗಳು

ಇಲ್ಲಿಯೇ ನಾವು ಗಮನಿಸಬೇಕಾದ ಒಂದು ಗಂಭೀರ ವಿಷಯವಿದೆ. ಮರಳಿ ನೋಡುವುದು ನಮ್ಮ ಸುಖಕ್ಕಾಗಿ ಮಾತ್ರವಲ್ಲ, ಚಿತ್ರದ ಆಯುಸ್ಸಿಗಾಗಿಯೂ ಹೌದು. ಪುಸ್ತಕದ ಒಂದು ಪ್ರತಿ ಎಲ್ಲೋ ಅಟ್ಟದ ಮೇಲಾದರೂ ಉಳಿಯುತ್ತದೆ. ಸಿನಿಮಾ ಹಾಗಲ್ಲ. ಹಳೆಯ ಫಿಲ್ಮು ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು. ಆಮೇಲೆ ಬಂದ ಬಗೆಯ ಫಿಲ್ಮು ಸೆಕೆ, ತೇವಕ್ಕೆ ಸಿಕ್ಕರೆ ಹುಳಿ ವಾಸನೆ ಬೀರುತ್ತಾ ಮುದುಡಿಹೋಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅದರ ಪ್ರತಿ ಇಂದು ಉಳಿದಿಲ್ಲ. ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು ಅದರಲ್ಲಿ ಹೇಗೆ ನಟಿಸಿದ್ದರು ಎಂಬುದನ್ನು ನಾವು ಬರಹಗಳಿಂದ ಊಹಿಸಬೇಕೇ ಹೊರತು ಕಣ್ಣಾರೆ ಕಾಣುವಂತಿಲ್ಲ. ಒಂದು ಭಾಷೆಯ ಮೊದಲ ಮಾತು ಹೀಗೆ ಅಳಿಸಿಹೋಯಿತು.

ಜನ ಮತ್ತೆ ಮತ್ತೆ ಕೇಳಿದ ಚಿತ್ರಕ್ಕೆ ಈ ಗತಿ ಬರುವುದು ಕಡಿಮೆ. ನೋಡುವವರು ಇದ್ದಾರೆ ಎಂಬ ಧೈರ್ಯದಿಂದಲೇ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣ ತುಂಬಿಕೊಂಡು ಚಿತ್ರಮಂದಿರಕ್ಕೆ ಮರಳಿದವು. ‘ನಾಗರಹಾವು’ 2018ರಲ್ಲಿ ಹೊಸ ತಂತ್ರಜ್ಞಾನದ ಮೆರುಗಿನೊಡನೆ ಬಂತು. ಕಪ್ಪು ಬಿಳುಪಿಗೆ ಬಣ್ಣ ಬಳಿಯುವುದು ಸರಿಯೇ ಎಂಬ ಚರ್ಚೆ ಬೇರೆ. ಆ ನೆಪದಲ್ಲಿ ಮೂಲ ಫಿಲ್ಮನ್ನು ಹುಡುಕಿ ಶುಚಿಮಾಡಿದ್ದು ಮಾತ್ರ ಲಾಭವೇ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಟೀವಿಯಲ್ಲಿ ಪದೇ ಪದೇ ಬರುವ ಚಿತ್ರವಲ್ಲ. ಅದನ್ನು ಕಾಪಾಡಲು ಚಿತ್ರ ಸಂರಕ್ಷಣೆಯ ಸಂಸ್ಥೆಗಳೇ ಮುಂದೆ ಬರಬೇಕಾಯಿತು. ಅದರ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಇಂಥ ಭಾಗ್ಯ ಎಲ್ಲ ಚಿತ್ರಗಳಿಗೂ ಒದಗುವುದಿಲ್ಲ. ಜನರ ಪ್ರೀತಿಯೂ ಇಲ್ಲದ, ಸಂಸ್ಥೆಗಳ ಕಣ್ಣಿಗೂ ಬೀಳದ ಚಿತ್ರಗಳೇ ಹೆಚ್ಚು. ಅವು ಸದ್ದಿಲ್ಲದೆ ಡಬ್ಬಿಯಲ್ಲೇ ಪುಡಿಯಾಗುತ್ತವೆ.

ಈಗ ಮತ್ತೊಂದು ಬದಲಾವಣೆ ಬಂದಿದೆ. ಚಿತ್ರ ಟೀವಿಯಲ್ಲಿ ಬರಲಿ ಎಂದು ಯಾರೂ ಕಾಯಬೇಕಿಲ್ಲ. ಬೇಕಾದದ್ದನ್ನು ಬೇಕಾದಾಗ ಫೋನಿನಲ್ಲೇ ನೋಡಬಹುದು. ಅನುಕೂಲ ಸಣ್ಣದಲ್ಲ. ಆದರೆ ಬೇಕಾದದ್ದನ್ನು ಆರಿಸಿಕೊಳ್ಳುವವನು ತನಗೆ ಮೊದಲೇ ಗೊತ್ತಿರುವುದನ್ನೇ ಆರಿಸುತ್ತಾನೆ. ಹದಿನೈದರ ಹುಡುಗ ತಾನಾಗಿ ಹುಡುಕಿ 1971ರ ಕಪ್ಪು ಬಿಳುಪು ಚಿತ್ರ ನೋಡುವುದು ಅಪರೂಪ. ಅವನು ಅದನ್ನು ನೋಡುವುದು ದೊಡ್ಡವರು ಹಾಕಿಕೊಂಡು ಕೂತಾಗ, ಹಾದುಹೋಗುವಾಗ ಒಂದು ದೃಶ್ಯ ಕಣ್ಣಿಗೆ ಬಿದ್ದು ಕಾಲು ನಿಂತಾಗ. ಹಿಂದಿನ ತಲೆಮಾರು ಹರಿಶ್ಚಂದ್ರನನ್ನು ಅರಿತದ್ದು ಹೀಗೆಯೇ, ಗಮಕದ ಸಭೆಯಲ್ಲಿ ಅಜ್ಜನ ತೊಡೆಯ ಮೇಲೆ ಅರೆನಿದ್ದೆಯಲ್ಲಿ ಕೂತು. ಆಯ್ಕೆ ಮಾಡಿಕೊಂಡು ಅಲ್ಲ.

ಆದ್ದರಿಂದ ಮೆಚ್ಚಿನ ಚಿತ್ರ ಟೀವಿಯಲ್ಲಿ ಇಪ್ಪತ್ತನೆಯ ಸಲ ಬಂದಾಗ ಅದನ್ನು ನೋಡಲು ಯಾರೂ ಸಂಕೋಚಪಡಬೇಕಿಲ್ಲ. ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ನೋಡುವುದಕ್ಕಿಂತ ನಡುಮನೆಯಲ್ಲಿ ದನಿ ಜೋರು ಮಾಡಿ ನೋಡುವುದು ಮೇಲು. ಮಕ್ಕಳು ‘ಈ ಮೇಷ್ಟ್ರು ಯಾಕೆ ಹೀಗೆ ಹೇಳ್ತಾರೆ?’ ಎಂದು ಕೇಳಿದರೆ ಸುಮ್ಮನಿರಿ ಎಂದು ಗದರದೆ ಉತ್ತರ ಹೇಳಬಹುದು. ಕಥೆ ಮೊದಲೇ ಗೊತ್ತಿರುವುದರಿಂದ ನಡುವೆ ಎರಡು ಮಾತು ತಪ್ಪಿದರೆ ಹಿರಿಯರಿಗೆ ನಷ್ಟವೇನೂ ಇಲ್ಲ. ಆ ಎರಡು ಮಾತಿನ ಬಿಡುವಿನಲ್ಲೇ ಒಂದು ಚಿತ್ರ ಮುಂದಿನ ತಲೆಮಾರಿಗೆ ದಾಟಿಕೊಳ್ಳುತ್ತದೆ.